ಘಟನೆ ಉಳಿಯಿತು, ಕಾರಣ ಎಲ್ಲಿ ಹೋಯಿತು? ಫ್ಯಾಂಟಸಿ ಕಾದಂಬರಿಗಳು ಟಿವಿಗೆ ಬಂದಾಗ

'ಗೇಮ್ ಆಫ್ ಥ್ರೋನ್ಸ್' ಕಥೆಯ ಟಿರಿಯನ್ ಲ್ಯಾನಿಸ್ಟರ್ ತನ್ನ ಅಪ್ಪನನ್ನು ಕೊಲ್ಲುವ ದೃಶ್ಯ ಪುಸ್ತಕದಲ್ಲೂ ಇದೆ, ಟಿವಿಯಲ್ಲೂ ಇದೆ. ಎರಡರಲ್ಲೂ ಜಾಗ ಅದೇ, ಆಯುಧ ಅದೇ, ಸಾಯುವವನೂ ಅವನೇ. ಆದರೂ ಇವೆರಡು ಒಂದೇ ದೃಶ್ಯ ಅಲ್ಲ.

(ಮುಂದೆ ಹಲವು ಕಥೆಗಳ ಮುಖ್ಯ ತಿರುವುಗಳು ಬರುತ್ತವೆ. ಓದದವರು, ನೋಡದವರು ಇದನ್ನು ಗಮನದಲ್ಲಿಟ್ಟುಕೊಂಡು ಮುಂದುವರಿಯಿರಿ.)

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಈ ಸರಣಿಯ ಮೂರನೇ ಕಾದಂಬರಿ ಬಂದದ್ದು 2000ರಲ್ಲಿ. ಅದರ ಕೊನೆಯ ಭಾಗದಲ್ಲಿ ಟಿರಿಯನ್ ಸೆರೆಮನೆಯಲ್ಲಿದ್ದಾನೆ. ಮಾಡದ ಕೊಲೆಗೆ ಮರಣದಂಡನೆ ಆಗಿದೆ. ಅಣ್ಣ ಜೇಮಿ ಬಂದು ಅವನನ್ನು ಬಿಡಿಸುತ್ತಾನೆ. ಹೊರಡುವ ಮುಂಚೆ ಜೇಮಿ ಒಂದು ಹಳೆಯ ಸತ್ಯ ಹೇಳುತ್ತಾನೆ. ಟಿರಿಯನ್ ಹುಡುಗನಾಗಿದ್ದಾಗ ಟೈಶಾ ಎಂಬ ಹುಡುಗಿಯನ್ನು ಮದುವೆಯಾಗಿದ್ದ. ಅವಳು ದುಡ್ಡಿಗೆ ಬಂದ ವೇಶ್ಯೆ ಎಂದು ಆಗ ಅವನಿಗೆ ಹೇಳಲಾಗಿತ್ತು. ಅದು ಸುಳ್ಳು. ಅವಳು ನಿಜವಾಗಿ ಪ್ರೀತಿಸಿದ ಸಾಮಾನ್ಯ ಮನೆಯ ಹುಡುಗಿ. ಆ ಸುಳ್ಳು ಹೇಳಿಸಿದವನು ಅಪ್ಪ ಟೈವಿನ್, ಹೇಳಿದವನು ಜೇಮಿ. ಜೀವನವಿಡೀ ತನ್ನನ್ನು ಯಾರೂ ಪ್ರೀತಿಸಲಾರರು ಎಂದು ನಂಬಿದವನಿಗೆ, ಒಬ್ಬಳು ಪ್ರೀತಿಸಿದ್ದಳು ಎಂದು ಆ ಹೊತ್ತಿನಲ್ಲಿ ಗೊತ್ತಾಗುತ್ತದೆ. ಅವಳಿಗೆ ಏನು ಮಾಡಿಸಿದರು ಎನ್ನುವುದು ಅವನಿಗೆ ಮೊದಲೇ ಗೊತ್ತು. ಅಣ್ಣನಿಗೆ ನೋವಾಗಲಿ ಅಂತಲೇ "ಹೌದು, ನಿನ್ನ ಮಗನನ್ನು ಕೊಂದವನು ನಾನೇ" ಎಂದು ಸುಳ್ಳು ಹೇಳಿ ಟಿರಿಯನ್ ಹೊರಡುತ್ತಾನೆ. ಅಪ್ಪನ ಕೋಣೆ ಹತ್ತಿ ಟೈಶಾ ಎಲ್ಲಿ ಎಂದು ಕೇಳುತ್ತಾನೆ. ಅಪ್ಪ ಆಗಲೂ ಅವಳನ್ನು ವೇಶ್ಯೆ ಎಂದೇ ಕರೆಯುತ್ತಾನೆ. ಬಾಣ ಹೊರಡುತ್ತದೆ.

ಟಿವಿಯಲ್ಲಿ, 2014ರ ಜೂನ್‌ನಲ್ಲಿ ಬಂದ ನಾಲ್ಕನೇ ಸೀಸನ್‌ನ ಕೊನೆಯ ಕಂತಿನಲ್ಲಿ, ಜೇಮಿ ತಮ್ಮನನ್ನು ಬಿಡಿಸುತ್ತಾನೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಜೇಮಿ ಹೊರಟುಹೋಗುತ್ತಾನೆ. ಟಿರಿಯನ್ ತಪ್ಪಿಸಿಕೊಳ್ಳುವ ದಾರಿ ಬಿಟ್ಟು ಅಪ್ಪನ ಕೋಣೆಯ ಕಡೆ ತಿರುಗುತ್ತಾನೆ. ಯಾಕೆ? ಟಿವಿ ಹೇಳುವುದಿಲ್ಲ. ಅಲ್ಲಿ ತಾನು ಪ್ರೀತಿಸಿದ ಶೇ ಅಪ್ಪನ ಹಾಸಿಗೆಯಲ್ಲಿ ಸಿಗುತ್ತಾಳೆ. ಅವಳನ್ನು ಕೊಲ್ಲುತ್ತಾನೆ. ಆಮೇಲೆ ಅಪ್ಪನ ಹತ್ತಿರ ಹೋಗುತ್ತಾನೆ. ಅಪ್ಪ ಶೇಯನ್ನು ವೇಶ್ಯೆ ಎನ್ನುತ್ತಾನೆ. ಬಾಣ ಹೊರಡುತ್ತದೆ.

ಪೀಟರ್ ಡಿಂಕ್ಲೇಜ್ ಮತ್ತು ಚಾರ್ಲ್ಸ್ ಡಾನ್ಸ್ ಆ ದೃಶ್ಯವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದರೆ, ನೋಡುವಾಗ ಏನೋ ಕೊರತೆ ಇದೆ ಅನ್ನಿಸುವುದೇ ಇಲ್ಲ. ಕೊರತೆ ಗೊತ್ತಾಗುವುದು ಆಮೇಲೆ. ಟೈಶಾಳ ಕಥೆಯನ್ನು ಟಿವಿ ಮೊದಲ ಸೀಸನ್‌ನಲ್ಲೇ ಟಿರಿಯನ್ ಬಾಯಲ್ಲಿ ಹೇಳಿಸಿತ್ತು. ಯುದ್ಧದ ಹಿಂದಿನ ರಾತ್ರಿ, ಗುಡಾರದಲ್ಲಿ, ಶೇ ಮತ್ತು ಬಾಡಿಗೆ ಯೋಧ ಬ್ರಾನ್ ಎದುರು. ಅಂದರೆ ಬೀಜ ಬಿತ್ತಿ ಆಗಿತ್ತು. ಮೂರು ಸೀಸನ್ ಕಾದು ಫಸಲು ತೆಗೆಯುವ ಹೊತ್ತಿಗೆ ಹೊಲವನ್ನೇ ಬಿಟ್ಟು ಬಂದರು.

ಇಂಥ ಬದಲಾವಣೆಗಳ ಬಗ್ಗೆ ಚರ್ಚೆ ನಡೆದಾಗೆಲ್ಲ ಮಾತು ಒಂದೇ ಕಡೆ ಸುತ್ತುತ್ತದೆ. ಪುಸ್ತಕದಲ್ಲಿದ್ದ ಘಟನೆ ಟಿವಿಯಲ್ಲಿ ಬಂತೋ ಇಲ್ಲವೋ? ಆ ಪಾತ್ರ ಇತ್ತೋ ಇಲ್ಲವೋ? ಕೂದಲಿನ ಬಣ್ಣ ಸರಿಯೋ ತಪ್ಪೋ? ನನ್ನ ಪ್ರಕಾರ ಇದು ತಪ್ಪು ಜಾಗದಲ್ಲಿ ಹುಡುಕಿದ ಹಾಗೆ. ಘಟನೆಗಳನ್ನು ಟಿವಿ ಸಾಮಾನ್ಯವಾಗಿ ಉಳಿಸಿಕೊಳ್ಳುತ್ತದೆ. ಅವು ದೊಡ್ಡವು, ನೋಡುಗರು ಕಾಯುವಂಥವು, ಜಾಹೀರಾತಿಗೆ ಬೇಕಾದವು. ಕಳೆದುಹೋಗುವುದು ಆ ಘಟನೆ ಯಾಕೆ ಆಯಿತು ಎನ್ನುವ ಕಾರಣ. ಒಂದು ದೃಶ್ಯ ಓದುಗನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುವುದು ಅದರಲ್ಲಿ ಯಾರು ಸತ್ತರು ಎನ್ನುವುದರಿಂದಲ್ಲ. ಯಾರು ಏನನ್ನು ಆರಿಸಿಕೊಂಡಿದ್ದರಿಂದ ಆ ಸಾವು ಬಂತು ಎನ್ನುವುದರಿಂದ.

ಬದಲಾವಣೆ ಮಾಡಲೇಬೇಕು ಎನ್ನುವುದನ್ನು ಮೊದಲು ಒಪ್ಪಿಕೊಳ್ಳೋಣ. ಕಾದಂಬರಿಗೆ ಇರುವ ದೊಡ್ಡ ಅನುಕೂಲ ಒಳಗಿನ ದನಿ. ಮಾರ್ಟಿನ್ ಅವರ ಪ್ರತಿ ಅಧ್ಯಾಯ ಒಬ್ಬರ ತಲೆಯೊಳಗಿಂದ ನಡೆಯುತ್ತದೆ. ಅವರು ನೋಡಿದ್ದಷ್ಟೇ ನಮಗೆ ಕಾಣುತ್ತದೆ. ಕ್ಯಾಮೆರಾಕ್ಕೆ ಆ ಸೌಲಭ್ಯ ಇಲ್ಲ. ಅದು ಮುಖ ತೋರಿಸಬಲ್ಲದು, ಯೋಚನೆ ತೋರಿಸಲಾರದು. ಇದರ ಮೇಲೆ ದುಡ್ಡು, ಸಮಯ, ನಟರು. ಎಂಟು ಅಥವಾ ಹತ್ತು ಕಂತುಗಳಲ್ಲಿ ದಪ್ಪ ಪುಸ್ತಕ ಮುಗಿಸಬೇಕು. ಎರಡು ಸೀಸನ್ ನಡುವೆ ಎರಡು ವರ್ಷ ಹೋದರೆ ಮಕ್ಕಳು ಬೆಳೆದುಬಿಡುತ್ತಾರೆ. 'ದಿ ವೀಲ್ ಆಫ್ ಟೈಮ್' ಸರಣಿಯ ಮೊದಲ ಸೀಸನ್ ಚಿತ್ರೀಕರಣ ಕೋವಿಡ್‌ನಿಂದ ನಿಂತು ಮತ್ತೆ ಶುರುವಾದಾಗ, ಮುಖ್ಯ ಪಾತ್ರಗಳಲ್ಲೊಂದಾದ ಮ್ಯಾಟ್ ಪಾತ್ರ ಮಾಡುತ್ತಿದ್ದ ನಟ ಬಾರ್ನಿ ಹ್ಯಾರಿಸ್ ವಾಪಸ್ ಬರಲಿಲ್ಲ. ಕೊನೆಯ ಕಂತುಗಳನ್ನು ಅವರಿಲ್ಲದೆ ಮತ್ತೆ ಬರೆಯಬೇಕಾಯಿತು. ಎರಡನೇ ಸೀಸನ್‌ಗೆ ಬೇರೆ ನಟ ಬಂದರು. ಇಂಥದ್ದಕ್ಕೆ ಬರಹಗಾರರನ್ನು ಬೈದು ಏನು ಪ್ರಯೋಜನ?

ಬದಲಾವಣೆಯಿಂದ ದೃಶ್ಯ ಗೆದ್ದ ಉದಾಹರಣೆಗಳೂ ಇವೆ. 'ಗೇಮ್ ಆಫ್ ಥ್ರೋನ್ಸ್' ಮೊದಲ ಸೀಸನ್‌ನ ಒಂಬತ್ತನೇ ಕಂತು, 2011ರ ಜೂನ್. ನೆಡ್ ಸ್ಟಾರ್ಕ್‌ನ ತಲೆ ಕಡಿಯುವ ದೃಶ್ಯ. ಪುಸ್ತಕದಲ್ಲಿ ಅದನ್ನು ನಾವು ನೋಡುವುದು ಅವನ ಚಿಕ್ಕ ಮಗಳು ಆರ್ಯಾಳ ಕಣ್ಣಿನಿಂದ. ಅವಳು ಜನರ ಗುಂಪಿನಲ್ಲಿದ್ದಾಳೆ. ಯೋರೆನ್ ಎಂಬವನು ಅವಳನ್ನು ಹಿಡಿದು, ನೋಡದ ಹಾಗೆ ಮಾಡುತ್ತಾನೆ. ನೆಡ್ ತಲೆಯೊಳಗೆ ಆಗ ಏನಿತ್ತು ಎಂದು ಪುಸ್ತಕ ಹೇಳುವುದಿಲ್ಲ. ಟಿವಿ ಇಲ್ಲಿ ಒಂದು ಸಣ್ಣ ಸೇರ್ಪಡೆ ಮಾಡಿತು. ನೆಡ್ ಗುಂಪಿನಲ್ಲಿ ಪ್ರತಿಮೆಯ ಬುಡದಲ್ಲಿ ಕೂತ ಮಗಳನ್ನು ನೋಡುತ್ತಾನೆ. ದಾರಿಯಲ್ಲಿ ಸಿಕ್ಕ ಯೋರೆನ್‌ಗೆ ಆ ಪ್ರತಿಮೆಯ ಹೆಸರನ್ನಷ್ಟೇ ಹೇಳುತ್ತಾನೆ: ಬೇಲರ್. ಯೋರೆನ್‌ಗೆ ಅರ್ಥವಾಗುತ್ತದೆ. ಆಮೇಲೆ ನೆಡ್ ಮತ್ತೆ ಆ ಕಡೆ ನೋಡಿದಾಗ ಮಗಳು ಅಲ್ಲಿಲ್ಲ.

ಈ ಒಂದು ಪದದಿಂದ ಎಷ್ಟೆಲ್ಲ ಆಯಿತು ನೋಡಿ. ನೆಡ್ ಸುಮ್ನೆ ಸಾಯಲು ಹೋಗುವವನಾಗಿ ಉಳಿಯಲಿಲ್ಲ. ಕೊನೆಯ ಕ್ಷಣದಲ್ಲೂ ಅಪ್ಪನಾಗಿ ಒಂದು ಕೆಲಸ ಮಾಡಿದ. ತಾನು ಮಾಡದ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡದ್ದು ಮಕ್ಕಳಿಗಾಗಿ ಎನ್ನುವುದು ಇನ್ನೂ ಗಟ್ಟಿಯಾಯಿತು. ಯೋರೆನ್ ಆ ಗುಂಪಿನಲ್ಲಿ ಆರ್ಯಾಳನ್ನು ಹೇಗೆ ಹುಡುಕಿದ ಎನ್ನುವುದಕ್ಕೂ ಉತ್ತರ ಸಿಕ್ಕಿತು. ಪುಸ್ತಕದಲ್ಲಿಲ್ಲದ ಮಾತು, ಆದರೆ ಪುಸ್ತಕದ ನೆಡ್ ಖಂಡಿತ ಆಡಬಹುದಾದ ಮಾತು. ಟಿವಿ ಇಲ್ಲಿ ಕಾರಣವನ್ನು ಕಳೆಯಲಿಲ್ಲ, ಹೆಚ್ಚಿಸಿತು. ಈ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಬದಲಾವಣೆ ಇದೇ.

ರೆಡ್ ವೆಡ್ಡಿಂಗ್ ಎಂದು ಹೆಸರಾದ ಮದುವೆಮನೆ ಹತ್ಯಾಕಾಂಡದ ವಿಷಯ ಇಷ್ಟು ಸುಲಭ ಅಲ್ಲ. 2013ರ ಜೂನ್ 2ರಂದು ಅದು ಪ್ರಸಾರವಾದಾಗ, ಪುಸ್ತಕ ಓದದವರ ಕೂಗಾಟದ ವಿಡಿಯೊಗಳು ಎಲ್ಲ ಕಡೆ ಹರಿದಾಡಿದವು. ಓದಿದವರು ಹದಿಮೂರು ವರ್ಷಗಳಿಂದ ಆ ಗುಟ್ಟು ಇಟ್ಟುಕೊಂಡಿದ್ದರು. ಕಂತು ಮುಗಿದ ಮೇಲೆ ಹೆಸರುಗಳು ಬರುವಾಗ ಸಂಗೀತವನ್ನೂ ಹಾಕಲಿಲ್ಲ. ದೃಶ್ಯವಾಗಿ ಅದು ಗೆದ್ದಿತು, ಅನುಮಾನ ಬೇಡ.

ಆದರೆ ಆ ಮದುವೆಮನೆಗೆ ನೆಡ್‌ನ ಮಗ ರಾಬ್ ಸ್ಟಾರ್ಕ್ ಬಂದದ್ದು ಯಾಕೆ? ಎರಡೂ ಕಡೆ ಮೇಲಿನ ಉತ್ತರ ಒಂದೇ. ಫ್ರೇ ಮನೆತನದ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದು ಮಾತು ಕೊಟ್ಟಿದ್ದ, ಮುರಿದ. ಈಗ ಅದನ್ನು ಸರಿಮಾಡಲು ಬಂದಿದ್ದಾನೆ. ಮಾತು ಮುರಿದದ್ದು ಯಾಕೆ ಎನ್ನುವಲ್ಲಿ ದಾರಿಗಳು ಬೇರೆಯಾಗುತ್ತವೆ. ಪುಸ್ತಕದಲ್ಲಿ ರಾಬ್ ಗಾಯಗೊಂಡು ಮಲಗಿದ್ದಾಗ ತಮ್ಮಂದಿರು ಸತ್ತರೆಂಬ ಸುದ್ದಿ ಬರುತ್ತದೆ. ಆರೈಕೆ ಮಾಡುತ್ತಿದ್ದ ಜೇನ್ ವೆಸ್ಟರ್ಲಿಂಗ್ ಎಂಬ ಹುಡುಗಿ ಅವನನ್ನು ಸಮಾಧಾನ ಮಾಡುತ್ತಾಳೆ. ಆ ದುಃಖದಲ್ಲಿ ಇಬ್ಬರೂ ಜೊತೆಯಾಗುತ್ತಾರೆ. ಮಾರನೇ ದಿನ ರಾಬ್ ಅವಳನ್ನು ಮದುವೆಯಾಗುತ್ತಾನೆ, ಅವಳ ಮಾನ ಉಳಿಸಲು. ತನ್ನ ಮಾನಕ್ಕಿಂತ ಅವಳ ಮಾನ ದೊಡ್ಡದು ಎಂದು ಆರಿಸಿಕೊಳ್ಳುತ್ತಾನೆ. ಇದು ಅಪ್ಪನಿಂದ ಬಂದ ಗುಣ. ಅಪ್ಪನನ್ನು ಕೊಂದದ್ದೂ ಅದೇ ಗುಣ. ಆ ಕಾಲಕ್ಕೆ ಇನ್ನೂ ಹದಿನಾರು ವರ್ಷದ ಹುಡುಗ ಅವನು.

ಟಿವಿಯ ರಾಬ್ ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡುವ ತಲಿಸಾಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅಮ್ಮ ಬೇಡ ಎಂದರೂ ಕೇಳುವುದಿಲ್ಲ. ಇದರಲ್ಲಿ ಲಾಭ ಇಲ್ಲ ಎನ್ನಲಾರೆ. ಪುಸ್ತಕದಲ್ಲಿ ರಾಬ್‌ಗೆ ಸ್ವಂತ ಅಧ್ಯಾಯವೇ ಇಲ್ಲ. ಅವನನ್ನು ಅಮ್ಮನ ಕಣ್ಣಿನಿಂದಲೇ ನೋಡಬೇಕು. ಟಿವಿ ಅವನಿಗೆ ತನ್ನದೇ ಬದುಕು ಕೊಟ್ಟಿತು. ಜೇನ್ ಪುಸ್ತಕದಲ್ಲಿ ಆ ಮದುವೆಗೆ ಬರುವುದೇ ಇಲ್ಲ, ಬದುಕಿ ಉಳಿಯುತ್ತಾಳೆ. ಟಿವಿಯಲ್ಲಿ ಬಸುರಿ ತಲಿಸಾಳ ಹೊಟ್ಟೆಗೆ ಚಾಕು ಹಾಕುವುದರಿಂದಲೇ ಕೊಲೆಗಳು ಶುರುವಾಗುತ್ತವೆ. ಕ್ರೌರ್ಯ ಜಾಸ್ತಿಯಾಯಿತು. ಕಾರಣ ಮಾತ್ರ ಚಿಕ್ಕದಾಯಿತು. ಪ್ರೀತಿಯಲ್ಲಿ ಬಿದ್ದ ಯುವಕ ಮಾತು ತಪ್ಪಿ ಬೆಲೆ ತೆತ್ತ ಎನ್ನುವ ಕಥೆ ನಮಗೆ ಎಷ್ಟೋ ಕಡೆ ಸಿಗುತ್ತದೆ. ಒಳ್ಳೆಯತನಕ್ಕೆ ಒಳ್ಳೆಯತನವೇ ಅಡ್ಡ ಬಂದು ಮನೆತನ ಮುಳುಗಿತು ಎನ್ನುವುದು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇದೇ ದೃಶ್ಯದ ಕೊನೆಯಲ್ಲಿ ಟಿವಿ ಒಂದು ಕೆಲಸವನ್ನು ಪುಸ್ತಕದಷ್ಟೇ ಚೆನ್ನಾಗಿ ಮಾಡಿತು. ಕ್ಯಾಟ್ಲಿನ್ ಕಣ್ಣೆದುರೇ ಮಗ ಸತ್ತಾಗ ಪುಸ್ತಕದಲ್ಲಿ ಅವಳ ಬುದ್ಧಿ ಕಳಚಿಹೋಗುವುದನ್ನು ಒಳಗಿಂದಲೇ ಓದುತ್ತೇವೆ. ಅವಳು ತನ್ನ ಮುಖವನ್ನು ತಾನೇ ಪರಚಿಕೊಳ್ಳುತ್ತಾಳೆ, ನಗುತ್ತಾಳೆ. ಅದನ್ನು ಹಾಗೇ ತೋರಿಸಿದ್ದರೆ ಅತಿಯಾಗುತ್ತಿತ್ತೇನೋ. ನಟಿ ಮಿಶೆಲ್ ಫೇರ್ಲಿ ಒಮ್ಮೆ ಚೀರಿ, ಆಮೇಲೆ ಖಾಲಿ ಮುಖದಲ್ಲಿ ಸುಮ್ಮನೆ ನಿಲ್ಲುತ್ತಾರೆ. ಕತ್ತಿ ಬರುವವರೆಗೆ ಅಲ್ಲಾಡುವುದಿಲ್ಲ. ಒಳಗಿನ ದನಿಗೆ ಬದಲಾಗಿ ನಟನೆ ಏನು ಕೊಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕಾರಣ ಎಂದರೆ ಹಿಂದಿನ ಸಿದ್ಧತೆಯೂ ಹೌದು. ಪೋಲೆಂಡಿನ ಆಂಡ್ರೇ ಸಪ್ಕೋವ್ಸ್ಕಿ ಬರೆದ 'ವಿಚರ್' ಕಥೆಗಳಲ್ಲಿ ರಾಕ್ಷಸ ಬೇಟೆಗಾರ ಗೆರಾಲ್ಟ್ ಮತ್ತು ರಾಜಕುಮಾರಿ ಸಿರಿ ಒಬ್ಬರನ್ನೊಬ್ಬರು ಕಂಡುಕೊಳ್ಳುವ ಗಳಿಗೆಯೇ ಇಡೀ ಸರಣಿಯ ಹೃದಯ. ಪುಸ್ತಕದಲ್ಲಿ ಅದು ಅವರ ಮೊದಲ ಭೇಟಿ ಅಲ್ಲ. ಮುಂಚೆಯೇ ಬ್ರೊಕಿಲಾನ್ ಕಾಡಿನಲ್ಲಿ ಆಕಸ್ಮಿಕವಾಗಿ ಸಿಕ್ಕಿರುತ್ತಾರೆ. ಆಗ ಸಿರಿ ಹಟಮಾರಿ ಪುಟ್ಟ ಹುಡುಗಿ. ಜೊತೆಯಲ್ಲಿ ನಡೆಯುತ್ತಾ, ಕಥೆ ಕೇಳುತ್ತಾ, ಅವನನ್ನು ಹಚ್ಚಿಕೊಳ್ಳುತ್ತಾಳೆ. ವಿಧಿ ಅವಳನ್ನು ತನಗೆ ಕಟ್ಟಿದೆ ಎಂದು ಗೊತ್ತಾದ ಮೇಲೂ ಗೆರಾಲ್ಟ್ ಅವಳನ್ನು ಬಿಟ್ಟು ಹೊರಟುಹೋಗುತ್ತಾನೆ. ವಿಧಿಯನ್ನು ನಂಬಲು ಅವನಿಗೆ ಇಷ್ಟವಿಲ್ಲ. ಆಮೇಲೆ ಯುದ್ಧ ಬರುತ್ತದೆ, ಸಿಂಟ್ರಾ ರಾಜ್ಯ ಬೀಳುತ್ತದೆ. ಸಿರಿ ಸತ್ತಿದ್ದಾಳೆ ಎಂದೇ ಅವನು ಭಾವಿಸುತ್ತಾನೆ. ಕೊನೆಗೆ ತಾನು ಜೀವ ಉಳಿಸಿದ ವ್ಯಾಪಾರಿಯೊಬ್ಬನ ಮನೆಯಂಗಳದಲ್ಲಿ ಅವಳು ಓಡಿ ಬಂದು ಅಪ್ಪಿಕೊಂಡಾಗ ಓದುಗನ ಗಂಟಲು ಕಟ್ಟುವುದು, ಅವನು ಒಮ್ಮೆ ಅವಳನ್ನು ಬಿಟ್ಟು ಹೋಗಿದ್ದ ಎನ್ನುವುದರಿಂದ.

2019ರ ಡಿಸೆಂಬರ್‌ನಲ್ಲಿ ಬಂದ ನೆಟ್‌ಫ್ಲಿಕ್ಸ್ ಸರಣಿ ಬ್ರೊಕಿಲಾನ್ ಕಾಡನ್ನು ಉಳಿಸಿಕೊಂಡಿತು, ಸಿರಿಯನ್ನು ಅಲ್ಲಿಗೆ ಕಳಿಸಿತು, ಗೆರಾಲ್ಟ್‌ನನ್ನು ಮಾತ್ರ ಕಳಿಸಲಿಲ್ಲ. ಯಾಕೆ ಎಂದು ಊಹಿಸುವುದು ಕಷ್ಟವಲ್ಲ. ಮೊದಲ ಸೀಸನ್ ಮೂರು ಪಾತ್ರಗಳನ್ನು ಮೂರು ಬೇರೆ ಕಾಲಗಳಲ್ಲಿ ನಡೆಸಿ ಕೊನೆಗೆ ಸೇರಿಸುವ ರಚನೆ ಇಟ್ಟುಕೊಂಡಿತ್ತು. ಇಬ್ಬರೂ ಮುಂಚೆಯೇ ಸಿಕ್ಕರೆ ಆ ರಚನೆ ಕೂರುವುದಿಲ್ಲ. ಹಾಗಾಗಿ ಎಂಟನೇ ಕಂತಿನ ಕೊನೆಯಲ್ಲಿ ಕಾಡಿನ ನಡುವೆ ಇಬ್ಬರು ಅಪರಿಚಿತರು ಅಪ್ಪಿಕೊಳ್ಳುತ್ತಾರೆ. ವಿಧಿ ಸೇರಿಸಿತು ಎಂದು ನಾವು ಒಪ್ಪಿಕೊಳ್ಳಬೇಕು, ಅಷ್ಟೆ. ವಿಧಿ ಮಾತ್ರ ಸಾಲದು, ಇನ್ನೂ ಏನೋ ಬೇಕು ಎನ್ನುವುದು ಸಪ್ಕೋವ್ಸ್ಕಿ ಕಥೆಯ ತಿರುಳು. ಟಿವಿಯಲ್ಲಿ ವಿಧಿ ಮಾತ್ರ ಉಳಿಯಿತು.

ಇಂಥ ತೊಡಕು ಟಿವಿ ಕಾಲದ್ದಷ್ಟೇ ಅಲ್ಲ. ನಮ್ಮ ಪಂಪನೂ ಇದನ್ನು ಎದುರಿಸಿದ. ಅರ್ಜುನನನ್ನು ನಾಯಕ ಮಾಡಿಕೊಂಡ ಅವನು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಆದರೆ ದುಶ್ಶಾಸನನನ್ನು ಕೊಂದು ಅವಳ ಮುಡಿ ಕಟ್ಟುವ ಕೆಲಸ ಭೀಮನಿಗೇ ಉಳಿಯಿತು. ಗಂಡನಲ್ಲದ ಭೀಮನ ಆ ಪ್ರತಿಜ್ಞೆಗೆ ಮೂಲದಲ್ಲಿದ್ದ ಬಿಗಿ ಇಲ್ಲಿ ಎಲ್ಲಿಂದ ಬರಬೇಕು? ಒಂದು ಎಳೆ ಬದಲಾಯಿಸಿದವರು ಅದಕ್ಕೆ ಸೇರಿದ ಎಲ್ಲ ಎಳೆಗಳಿಗೂ ಉತ್ತರ ಕೊಡಬೇಕಾಗುತ್ತದೆ. ಪಂಪನಿಗೆ ಆ ಕೊರತೆ ತುಂಬಲು ಕಾವ್ಯದ ಶಕ್ತಿ ಇತ್ತು. ಎಂಟು ಕಂತಿನ ಸರಣಿಗೆ ಅದು ಯಾವಾಗಲೂ ಇರುವುದಿಲ್ಲ.

ಈ ಬದಲಾವಣೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಒಂದು ಒಲವು ಕಾಣುತ್ತದೆ. ಪಾತ್ರಗಳು ತಿಳಿದು ಮಾಡಿದ್ದನ್ನು ಟಿವಿ ಮತ್ತೆ ಮತ್ತೆ ತಿಳಿಯದೆ ಆದದ್ದಾಗಿ ಬದಲಾಯಿಸುತ್ತದೆ. ಆಯ್ಕೆ ಹೋಗಿ ಆಕಸ್ಮಿಕ ಬರುತ್ತದೆ.

'ದಿ ವೀಲ್ ಆಫ್ ಟೈಮ್' ನೋಡಿ. ರಾಬರ್ಟ್ ಜೋರ್ಡನ್ ಅವರ ಮೊದಲ ಪುಸ್ತಕ 1990ರದ್ದು. ಅದರಲ್ಲಿ ಪೆರಿನ್ ಎಂಬ ಕಮ್ಮಾರ ಹುಡುಗ ತನ್ನ ಜೊತೆಗಿದ್ದ ತೋಳ ಸತ್ತಾಗ ಸಿಟ್ಟಿನಲ್ಲಿ ಇಬ್ಬರು ಸೈನಿಕರನ್ನು ಕೊಡಲಿಯಿಂದ ಕೊಲ್ಲುತ್ತಾನೆ. ತನ್ನೊಳಗಿನ ಆ ಸಿಟ್ಟಿಗೆ ಹೆದರುತ್ತಾನೆ. ಕೊಡಲಿಯೋ ಸುತ್ತಿಗೆಯೋ ಎನ್ನುವ ಒಳಜಗಳ ಮುಂದೆ ಹಲವು ಪುಸ್ತಕಗಳವರೆಗೆ ನಡೆಯುತ್ತದೆ. ಟಿವಿಯಲ್ಲಿ ಅವನಿಗೆ ಪುಸ್ತಕದಲ್ಲಿ ಇಲ್ಲದ ಹೆಂಡತಿಯೊಬ್ಬಳನ್ನು ಕೊಟ್ಟು, ಮೊದಲ ಕಂತಿನಲ್ಲೇ ಹೋರಾಟದ ಗಡಿಬಿಡಿಯಲ್ಲಿ ಅವನ ಕೈಯಿಂದಲೇ ಅವಳು ಸಾಯುವ ಹಾಗೆ ಮಾಡಿದರು. ಒಳಗಿನ ಭಯವನ್ನು ಹೊರಗೆ ತೋರಿಸುವ ಅವಸರ ಅರ್ಥವಾಗುತ್ತದೆ. ಆದರೆ ಸಿಟ್ಟಿಗೂ ಕೈತಪ್ಪಿಗೂ ಬಹಳ ವ್ಯತ್ಯಾಸ ಇದೆ. ಜೋರ್ಡನ್ ತೀರಿಕೊಂಡ ಮೇಲೆ ಪುಸ್ತಕಗಳನ್ನು ಪೂರ್ತಿ ಮಾಡಿದ ಬ್ರಾಂಡನ್ ಸ್ಯಾಂಡರ್ಸನ್ ಕೂಡ ಈ ಬದಲಾವಣೆ ತಮಗೆ ಒಪ್ಪಿಗೆಯಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದರು.

'ಹೌಸ್ ಆಫ್ ದಿ ಡ್ರ್ಯಾಗನ್'ನಲ್ಲಿ ಈ ಒಲವು ಇನ್ನೂ ಸ್ಪಷ್ಟ. ಮಾರ್ಟಿನ್ ಅವರ 2018ರ ಮೂಲ ಪುಸ್ತಕದಲ್ಲಿ ಎರಡನೇ ರಾಣಿ ಅಲಿಸೆಂಟ್ ಮತ್ತು ಅವಳ ಕಡೆಯವರು ಲೆಕ್ಕ ಹಾಕಿಯೇ ಸಿಂಹಾಸನ ಹಿಡಿಯುತ್ತಾರೆ. ಟಿವಿಯಲ್ಲಿ ಸಾಯುತ್ತಿರುವ ಗಂಡ ಬಡಬಡಿಸಿದ ಮಾತನ್ನು ಅವಳು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾಳೆ. ಪುಸ್ತಕದಲ್ಲಿ ಅಲಿಸೆಂಟ್‌ಳ ಮಗ ಏಮಂಡ್ ತನ್ನ ಅಕ್ಕನ ಮಗ ಲೂಸೆರಿಸ್‌ನನ್ನು ಬಿರುಗಾಳಿಯಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ, ಹುಡುಗ ಸಾಯುತ್ತಾನೆ. ಅದು ಕೈತಪ್ಪಿ ಆಯಿತು ಎನ್ನುವ ಸುಳಿವು ಅಲ್ಲಿಲ್ಲ. ಟಿವಿಯಲ್ಲಿ ಅವನ ಡ್ರ್ಯಾಗನ್ ಅವನ ಮಾತು ಕೇಳದೆ ಕಚ್ಚಿಬಿಡುತ್ತದೆ. ಏಮಂಡ್ ಮುಖದಲ್ಲಿ ಭಯ. ಹೀಗೆ ಇಡೀ ಅಂತರ್ಯುದ್ಧವೇ ಒಂದು ಅಪಾರ್ಥ ಮತ್ತು ಒಂದು ಅಪಘಾತದಿಂದ ಶುರುವಾದ ಹಾಗಾಯಿತು. ನಟರನ್ನು ನೋಡುಗರು ವರ್ಷಗಟ್ಟಲೆ ಪ್ರೀತಿಸುತ್ತಿರಬೇಕು ಎನ್ನುವ ಆಸೆ ಇದರ ಹಿಂದೆ ಇರಬಹುದು. ಆದರೆ ಕೆಟ್ಟದ್ದನ್ನು ತಿಳಿದೂ ಮಾಡಿದವರನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ನೋಡುಗರಿಗೆ ಇದೆ. 'ಗೇಮ್ ಆಫ್ ಥ್ರೋನ್ಸ್' ಮೊದಲ ಕಂತಿನಲ್ಲೇ ಮಗುವನ್ನು ಕಿಟಕಿಯಿಂದ ತಳ್ಳಿದ ಜೇಮಿಯನ್ನೇ ಜನ ಆಮೇಲೆ ಒಪ್ಪಿಕೊಂಡರು, ಅಲ್ವಾ?

'ಹೌಸ್ ಆಫ್ ದಿ ಡ್ರ್ಯಾಗನ್' ಎರಡನೇ ಸೀಸನ್‌ನ ಒಂದು ದೃಶ್ಯಕ್ಕೆ ಸ್ವತಃ ಮಾರ್ಟಿನ್ ಬೇಸರಪಟ್ಟರು. ಪುಸ್ತಕದಲ್ಲಿ ಇಬ್ಬರು ಕೊಲೆಗಾರರು ಅಲಿಸೆಂಟ್‌ಳ ಕೋಣೆಗೆ ನುಗ್ಗಿ, ಮಕ್ಕಳೊಂದಿಗೆ ಅಲ್ಲಿಗೆ ಬರುವ ಅವಳ ಮಗಳು ರಾಣಿ ಹೆಲೇನಾಳಿಗಾಗಿ ಕಾಯುತ್ತಾರೆ. ಹೆಲೇನಾಗೆ ಮೂವರು ಮಕ್ಕಳು, ಅವರಲ್ಲಿ ಇಬ್ಬರು ಗಂಡು. ಒಬ್ಬ ಗಂಡುಮಗ ಸಾಯಬೇಕು, ಯಾರು ಎಂದು ನೀನೇ ಹೇಳು ಎನ್ನುತ್ತಾರೆ. ಅವಳು ತನ್ನನ್ನು ಕೊಲ್ಲಿ ಎನ್ನುತ್ತಾಳೆ, ಅವರು ಒಪ್ಪುವುದಿಲ್ಲ. ಕೊನೆಗೆ ಎರಡು ವರ್ಷದ ಮೇಲರ್ ಹೆಸರು ಹೇಳುತ್ತಾಳೆ. ಅವರು ನಿನ್ನ ಅಮ್ಮ ನೀನು ಸಾಯಲಿ ಎಂದಳು ಎಂದು ಆ ಮಗುವಿನ ಕಿವಿಯಲ್ಲಿ ಹೇಳಿ, ದೊಡ್ಡವನನ್ನು ಕೊಲ್ಲುತ್ತಾರೆ. ಬದುಕಿದ ಮಗನ ಮುಖ ನೋಡುವುದು ಆಮೇಲೆ ಅವಳಿಂದ ಆಗುವುದಿಲ್ಲ.

2024ರ ಜೂನ್‌ನಲ್ಲಿ ಬಂದ ಟಿವಿ ದೃಶ್ಯದಲ್ಲಿ ಮೇಲರ್ ಇಲ್ಲ. ಅವಳಿ ಮಕ್ಕಳು ಮಾತ್ರ, ಒಂದು ಗಂಡು, ಒಂದು ಹೆಣ್ಣು. ಗಂಡು ಯಾವುದು ಎಂದು ಕೇಳುತ್ತಾರೆ, ಅವಳು ತೋರಿಸುತ್ತಾಳೆ. ಕೊಲೆಯನ್ನು ನಾವು ನೋಡುವುದಿಲ್ಲ, ಶಬ್ದ ಕೇಳುತ್ತೇವೆ. ಅವಳು ಮಗಳನ್ನು ಎತ್ತಿಕೊಂಡು ಅಮ್ಮನ ಕೋಣೆಗೆ ನಡೆಯುತ್ತಾಳೆ. ನಟಿ ಫಿಯಾ ಸಾಬನ್ ಅದನ್ನು ಬಹಳ ಸಂಯಮದಿಂದ ಮಾಡಿದ್ದಾರೆ. ಆದರೆ ಯಾವ ಮಗು ಎಂದು ಆರಿಸುವುದೇ ಆ ದೃಶ್ಯದ ನರಕವಾಗಿತ್ತು. ಅದು ಗುರುತಿಸುವ ಕೆಲಸವಾಗಿ ಇಳಿಯಿತು.

ಸೆಪ್ಟೆಂಬರ್‌ನಲ್ಲಿ ಮಾರ್ಟಿನ್ ತಮ್ಮ ಬ್ಲಾಗ್‌ನಲ್ಲಿ ಇದರ ಬಗ್ಗೆ ಉದ್ದಕ್ಕೆ ಬರೆದರು. ಸ್ವಲ್ಪ ಹೊತ್ತಿನಲ್ಲೇ ಆ ಬರಹ ಅಲ್ಲಿಂದ ಮಾಯವಾಯಿತು, ಅಷ್ಟರಲ್ಲಿ ಬಹಳ ಜನ ಓದಿ ಆಗಿತ್ತು. ಅವರ ವಾದ ಆ ಒಂದು ದೃಶ್ಯಕ್ಕೆ ನಿಲ್ಲುವುದಿಲ್ಲ. ಮೇಲರ್ ಮುಂದೆ ಒಂದು ಊರಿನಲ್ಲಿ ಜನರ ಗುಂಪಿನ ಕೈಗೆ ಸಿಕ್ಕಿ ಸಾಯುತ್ತಾನೆ. ಹೆಲೇನಾ ಕೋಟೆಯ ಮೇಲಿಂದ ಹಾರಿ ಜೀವ ಕಳೆದುಕೊಳ್ಳುತ್ತಾಳೆ. ಅವಳನ್ನು ಪ್ರೀತಿಸುತ್ತಿದ್ದ ರಾಜಧಾನಿಯ ಜನ ಇದು ಸಿಂಹಾಸನಕ್ಕಾಗಿ ಎದುರು ನಿಂತ ರೆನೀರಾ ಮಾಡಿಸಿದ ಕೊಲೆ ಎಂಬ ಸುದ್ದಿ ನಂಬಿ ದಂಗೆ ಏಳುತ್ತಾರೆ. ರೆನೀರಾ ನಗರ ಬಿಟ್ಟು ಓಡುವ ಹಾಗಾಗುತ್ತದೆ. ಎರಡು ವರ್ಷದ ಮಗುವನ್ನು ತೆಗೆದರೆ ಈ ಸರಪಳಿಯ ಮೊದಲ ಕೊಂಡಿ ಹೋಯಿತು. ಒಂದು ಚಿಟ್ಟೆ ರೆಕ್ಕೆ ಬಡಿದರೆ ದೂರದಲ್ಲಿ ಬಿರುಗಾಳಿ ಏಳುತ್ತದೆ ಎನ್ನುವ ಮಾತನ್ನು ಮಾರ್ಟಿನ್ ಇದಕ್ಕೆ ಬಳಸಿದರು.

ಸರಣಿಯ ಮುಖ್ಯಸ್ಥ ರಯಾನ್ ಕೊಂಡಾಲ್ ಕಡೆಯ ಮಾತೂ ಪೊಳ್ಳಲ್ಲ. ತೀರ ಚಿಕ್ಕ ಮಕ್ಕಳ ಜೊತೆ ಚಿತ್ರೀಕರಣ ನಿಧಾನ, ಖರ್ಚು ಜಾಸ್ತಿ. ಮೊದಲ ಸೀಸನ್‌ನಲ್ಲಿ ಕಾಲವನ್ನು ಕುಗ್ಗಿಸಿದ್ದರಿಂದ ಹೆಲೇನಾಗೆ ಮೂರನೇ ಮಗು ಹುಟ್ಟಲು ಜಾಗವೇ ಉಳಿದಿರಲಿಲ್ಲ. ಮಾರ್ಟಿನ್ ಕೂಡ ಈ ಪ್ರಾಯೋಗಿಕ ಕಾರಣಗಳನ್ನು ಕೇಳಿ ಮೊದಲು ಒಪ್ಪಿಕೊಂಡಿದ್ದಾಗಿ ಬರೆದಿದ್ದರು. ನನ್ನ ತಕರಾರು ಮಗುವನ್ನು ತೆಗೆದದ್ದಕ್ಕೆ ಅಲ್ಲ. ಇದ್ದ ಇಬ್ಬರು ಮಕ್ಕಳಲ್ಲೇ ಅಮ್ಮನನ್ನು ಆಯ್ಕೆಗೆ ತಳ್ಳುವ ದಾರಿ ಇತ್ತು. ಕತ್ತಲಲ್ಲಿ ಅವಳಿಗಳಲ್ಲಿ ಯಾರು ಗಂಡು ಎಂದು ಕೊಲೆಗಾರರಿಗೆ ಗೊತ್ತಿಲ್ಲ. ಅವಳು ಸುಳ್ಳು ಹೇಳಿ ಮಗನನ್ನು ಉಳಿಸಬಹುದು, ಆದರೆ ಮಗಳು ಸಾಯುತ್ತಾಳೆ. ಈ ಸಂದಿಗ್ಧ ದೃಶ್ಯದೊಳಗೇ ಇದೆ. ಅವಳು ಸುಳ್ಳು ಹೇಳಿರಬಹುದು ಎಂದು ಕೊಲೆಗಾರರೂ ಒಂದು ಕ್ಷಣ ಅನುಮಾನಪಡುತ್ತಾರೆ. ಅಲ್ಲಿ ಇನ್ನೊಂದೆರಡು ನಿಮಿಷ ನಿಂತಿದ್ದರೆ ಹೊಸ ಖರ್ಚಿಲ್ಲದೆ ಅಷ್ಟೇ ಭಾರದ ಕಾರಣ ಸಿಗುತ್ತಿತ್ತು.

ಲೇಖಕರೇ ಜೊತೆಗಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವ ನಂಬಿಕೆಯೂ ಪೂರ್ತಿ ನಿಜವಲ್ಲ. 2023ರ ಡಿಸೆಂಬರ್‌ನಲ್ಲಿ ಶುರುವಾದ 'ಪರ್ಸಿ ಜಾಕ್ಸನ್' ಸರಣಿಯಲ್ಲಿ ಲೇಖಕ ರಿಕ್ ರಿಯೋರ್ಡನ್ ಉದ್ದಕ್ಕೂ ತೊಡಗಿಕೊಂಡಿದ್ದರು. ಪುಸ್ತಕದಲ್ಲಿ ಮಕ್ಕಳು ಕಾಲವನ್ನೇ ಮರೆಸುವ ಲೋಟಸ್ ಕ್ಯಾಸಿನೊ ಒಳಗೆ ಆಟದಲ್ಲಿ ಮೈಮರೆತು, ಅಲ್ಲಿ ಸಿಕ್ಕ ಹುಡುಗನೊಬ್ಬ 1977ರಲ್ಲೇ ಇದ್ದಾನೆ ಎಂದು ಗೊತ್ತಾದಾಗ ಬೆಚ್ಚಿಬೀಳುತ್ತಾರೆ. ಸರಣಿಯಲ್ಲಿ ಒಳಗೆ ಹೋಗುವಾಗಲೇ ಅದು ಎಂಥ ಜಾಗ ಎನ್ನುವ ಸುಳಿವು ಅವರಿಗಿದೆ. ಮೈಮರೆವಿನ ಕಥೆಯಲ್ಲಿ ಮೈಮರೆಯುವುದೇ ಕಡಿಮೆಯಾದರೆ ಏನು ಉಳಿಯಿತು?

ಫಿಲಿಪ್ ಪುಲ್ಮನ್ ಕಾದಂಬರಿಯ ಸರಣಿ 'ಹಿಸ್ ಡಾರ್ಕ್ ಮೆಟೀರಿಯಲ್ಸ್' ಇದಕ್ಕೆ ವಿರುದ್ಧ ದಿಕ್ಕಿನದು. ಆತ್ಮದ ರೂಪವಾದ ಪ್ರಾಣಿಯಿಂದ ಕತ್ತರಿಸಿ ಬೇರ್ಪಟ್ಟ ಹುಡುಗ ಪುಸ್ತಕದಲ್ಲಿ ಟೋನಿ ಮಕಾರಿಯೋಸ್, ದಿಕ್ಕಿಲ್ಲದ ಮಗು. ಟಿವಿಯಲ್ಲಿ ಆ ಜಾಗಕ್ಕೆ ಬಿಲ್ಲಿ ಕೋಸ್ಟಾ ಬಂದ. ಅವನ ಅಮ್ಮ ಮಾ ಕೋಸ್ಟಾ ನಮಗೆ ಮೊದಲಿಂದ ಗೊತ್ತು. ಪುಸ್ತಕದ ನೋವು ಆ ಮಗುವಿಗಾಗಿ ಕಾಯುವವರು ಯಾರೂ ಇಲ್ಲ ಎನ್ನುವುದು, ಟಿವಿಯ ನೋವು ಕಾದವಳ ಕೈಯಲ್ಲೇ ಅವನು ಸಾಯುತ್ತಾನೆ ಎನ್ನುವುದು. ಕಾರಣ ಬದಲಾಯಿತು, ಆದರೆ ಭಾರ ಇಳಿಯಲಿಲ್ಲ. ಇಂಥ ಬದಲಾವಣೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಮತ್ತೆ 'ದಿ ವೀಲ್ ಆಫ್ ಟೈಮ್'ಗೆ ಬರಬೇಕು, ಯಾಕೆಂದರೆ ಪೆರಿನ್ ವಿಷಯದಲ್ಲಿ ಎಡವಿದ ತಂಡವೇ 2025ರ ಮಾರ್ಚ್‌ನಲ್ಲಿ ಬಹುಶಃ ಅತ್ಯಂತ ಕಷ್ಟದ ದೃಶ್ಯವನ್ನು ಗೆದ್ದಿತು. ರ‍್ಯಾಂಡ್ ಎಂಬ ನಾಯಕ ಮರುಭೂಮಿಯ ರುಯಿಡಿಯನ್ ಎಂಬ ಊರಿನಲ್ಲಿ ಗಾಜಿನ ಕಂಬಗಳ ನಡುವೆ ನಡೆಯುತ್ತಾನೆ. ಪ್ರತಿ ಹೆಜ್ಜೆಗೂ ಅವನು ತನ್ನ ಪೂರ್ವಜನೊಬ್ಬನ ಕಣ್ಣಿನೊಳಗೆ ಹೋಗುತ್ತಾನೆ, ಕಾಲ ಹಿಂದಕ್ಕೆ ಸರಿಯುತ್ತದೆ. ಭಯಂಕರ ಯೋಧರಾದ ಅವನ ಜನ ಒಂದು ಕಾಲದಲ್ಲಿ ಕೈಯಲ್ಲಿ ಆಯುಧ ಹಿಡಿಯುವುದಿಲ್ಲ ಎಂದು ವ್ರತ ತೊಟ್ಟವರು ಎನ್ನುವುದು ಹೆಜ್ಜೆ ಹೆಜ್ಜೆಗೆ ಬಿಚ್ಚಿಕೊಳ್ಳುತ್ತದೆ. 1992ರ ಪುಸ್ತಕದ ಈ ಅಧ್ಯಾಯಗಳನ್ನು ಟಿವಿಗೆ ತರಲು ಆಗುವುದಿಲ್ಲ ಎಂದೇ ಬಹಳ ಓದುಗರು ನಂಬಿದ್ದರು.

ತಂಡ ಅದಕ್ಕೆ ಹೆಚ್ಚುಕಡಿಮೆ ಇಡೀ ಕಂತನ್ನೇ ಕೊಟ್ಟಿತು. ಆ ಪೂರ್ವಜರ ಪಾತ್ರಗಳನ್ನು ರ‍್ಯಾಂಡ್ ಪಾತ್ರದ ನಟ ಜೋಶಾ ಸ್ಟ್ರಾಡೋವ್ಸ್ಕಿ ಅವರಿಂದಲೇ, ವೇಷ ಬದಲಿಸಿ ಮಾಡಿಸಿತು. ಪುಸ್ತಕದಲ್ಲಿ ರ‍್ಯಾಂಡ್ ಪೂರ್ವಜರ ಒಳಗೆ ಇರುತ್ತಾನೆ. ಕ್ಯಾಮೆರಾಕ್ಕೆ ಒಳಗೆ ಹೋಗಲು ಬರುವುದಿಲ್ಲ. ಒಂದೇ ಮುಖ ಎಲ್ಲರಲ್ಲೂ ಕಂಡಾಗ ನಮಗೆ ಅದೇ ಅನುಭವ ಬೇರೆ ದಾರಿಯಲ್ಲಿ ಸಿಗುತ್ತದೆ. ಪುಸ್ತಕ ನೇರವಾಗಿ ತೋರಿಸದೆ ಬಿಟ್ಟ, ಮಾಂತ್ರಿಕೆ ಮೊಯಿರೇನ್‌ಳ ಪರೀಕ್ಷೆಯನ್ನೂ ಜೊತೆಗೇ ತೋರಿಸಿದರು. ಒಬ್ಬನು ಹಿಂದಿನದನ್ನು ನೋಡುತ್ತಿದ್ದಾನೆ, ಇನ್ನೊಬ್ಬಳು ಮುಂದೆ ಆಗಬಹುದಾದದ್ದನ್ನು. ಇಷ್ಟೆಲ್ಲ ಬದಲಾಯಿಸಿದರೂ ಒಂದು ಜನಾಂಗ ತನ್ನ ವ್ರತವನ್ನು ಹೇಗೆ, ಯಾರ ಯಾವ ಆಯ್ಕೆಯಿಂದ ಕಳೆದುಕೊಂಡಿತು ಎನ್ನುವ ಕಾರಣ ಕೈಬಿಡಲಿಲ್ಲ. ಮೇ ತಿಂಗಳಲ್ಲಿ ಪ್ರೈಮ್ ವಿಡಿಯೊ ಈ ಸರಣಿಯನ್ನು ಮೂರನೇ ಸೀಸನ್‌ಗೇ ನಿಲ್ಲಿಸಿತು. ಕೆಲಸ ಕಲಿತು ಕೈ ಕುದುರಿದ ಹೊತ್ತಿಗೆ ಹೀಗಾದದ್ದು ನಿಜವಾಗಿ ದುಃಖದ ವಿಷಯ.

ಮುಂದಿನ ದೊಡ್ಡ ಪರೀಕ್ಷೆ ಎಚ್‌ಬಿಒದ ಹ್ಯಾರಿ ಪಾಟರ್ ಸರಣಿ. 2023ರ ಏಪ್ರಿಲ್‌ನಲ್ಲಿ ಅದನ್ನು ಘೋಷಿಸುವಾಗಲೇ ಪುಸ್ತಕಗಳಿಗೆ ನಿಷ್ಠವಾಗಿರುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ನಿಷ್ಠೆಯನ್ನು ಅಳೆಯಲು ನಾನು ಆರಿಸುವ ಜಾಗ ಮೂರನೇ ಪುಸ್ತಕದ ಕೊನೆ. ಕೆರೆಯ ದಂಡೆಯಲ್ಲಿ ಹ್ಯಾರಿಯ ಮಂತ್ರದಿಂದ ಬೆಳಕಿನ ಜಿಂಕೆಯೊಂದು ಹುಟ್ಟಿ ಬರುತ್ತದೆ. 2004ರ ಸಿನಿಮಾದಲ್ಲೂ ಆ ಜಿಂಕೆ ಬಂತು, ಬಹಳ ಸುಂದರವಾಗಿಯೇ ಬಂತು. ಆದರೆ ಹ್ಯಾರಿಯ ಅಪ್ಪ ಗೆಳೆಯನೊಬ್ಬನಿಗಾಗಿ ಜಿಂಕೆಯ ರೂಪ ತಾಳಲು ಕಲಿತಿದ್ದ, ಆ ನಾಲ್ವರು ಗೆಳೆಯರೇ ಹ್ಯಾರಿ ಕೈಯಲ್ಲಿದ್ದ ನಕ್ಷೆಯನ್ನು ಬರೆದವರು ಎನ್ನುವುದನ್ನು ಸಿನಿಮಾ ಎಲ್ಲೂ ಹೇಳಲಿಲ್ಲ. ಪುಸ್ತಕ ಓದದವರಿಗೆ ಅದು ಬರೀ ಜಿಂಕೆ. ಸಿನಿಮಾಕ್ಕೆ ಎರಡೂ ಚಿಲ್ಲರೆ ಗಂಟೆಯ ಮಿತಿ ಇತ್ತು, ಸರಣಿಗೆ ಅಂಥ ನೆಪ ಇರುವುದಿಲ್ಲ. ಹೊಸ ನಟರು, ಹೊಸ ಸೆಟ್, ಗ್ರಾಫಿಕ್ಸ್ ಹೇಗೇ ಇರಲಿ, ಆ ನಾಲ್ವರ ಕಥೆಗೆ ಎಷ್ಟು ನಿಮಿಷ ಕೊಟ್ಟಿದ್ದಾರೆ ಎಂದು ನಾನು ಮೊದಲು ನೋಡುತ್ತೇನೆ.